ಗಣಿತ ಸಪ್ಲಿಮೆಂಟರಿ: ಹಾಫ್ ಆಂಗಲ್ ನನ್ನನ್ನು ಅಲೆಸಿದ ಐದು ವಾರ

ಮೊನ್ನೆ ಫಸ್ಟ್ ಪಿಯು ಸಪ್ಲಿಮೆಂಟರಿ ರಿಸಲ್ಟ್ ಬಂತು. ಗಣಿತ ಪಾಸಾಗಿದೆ. ಊರಿಗೆಲ್ಲ ಸಾರುವುದಕ್ಕೆ ಇದನ್ನು ಬರೆಯುತ್ತಿಲ್ಲ, ಪಾಸಾಗಿದ್ದು ಫಸ್ಟ್ ಪಿಯು ತಾನೆ. ಆದರೆ ನನ್ನ ಹಾಗೆ ಗಣಿತ ಒಂದರಲ್ಲೇ ಹೋಗಿ, ಅದರಲ್ಲೂ ಹಾಫ್ ಆಂಗಲ್ ಫಾರ್ಮುಲಾ (ಒಂದು ಕೋನದ ಕಾಸ್ ಗೊತ್ತಿದ್ದರೆ ಅದರ ಅರ್ಧ ಕೋನದ ಸೈನ್, ಕಾಸ್, ಟ್ಯಾನ್ ಹುಡುಕುವ ಸೂತ್ರ) ಬಂದ ಕಡೆ ಪೆನ್ನು ನಿಂತು ಹೋಗುವವರು ಪ್ರತಿ ವರ್ಷ ಇರುತ್ತಾರೆ. ನಾನು ಅಲೆದಷ್ಟು ಅವರೂ ಅಲೆಯುವುದು ಬೇಡ.

ನಮ್ಮದು ಆನಗೋಡು ಕಡೆಯ ಹಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಅಲ್ಲಿ ಟ್ರಿಗ್ನಾಮೆಟ್ರಿ ಅಂದರೆ ಐದೇ ಕೋನ: 0, 30, 45, 60, 90. ಆ ಟೇಬಲ್ ಬಾಯಿಪಾಠ ಮಾಡಿದರೆ ಮುಗೀತು. ದಾವಣಗೆರೆಗೆ ಬಂದು ಸೈನ್ಸ್ ಸೇರಿದ ಮೇಲೆ 15 ಡಿಗ್ರಿ, 22.5 ಡಿಗ್ರಿ ಅಂತ ಶುರುವಾಯಿತು. ಆಮೇಲೆ ಡಿಗ್ರಿಯೂ ಹೋಯಿತು, ಪೈ ಬೈ ಎಂಟು ಬಂತು (ಪೈ ಅಂದರೆ 180 ಡಿಗ್ರಿ). ಎಲ್ಲ ಇಂಗ್ಲಿಷಿನಲ್ಲಿ. ಮೊದಮೊದಲು ನಾನು ಅಂದುಕೊಂಡಿದ್ದು ಏನು ಗೊತ್ತಾ? ಕಾಸ್ 60 ಗೊತ್ತಿದ್ದರೆ ಕಾಸ್ 30 ಅದರ ಅರ್ಧ ಅಂತ. ಕಾಸ್ 60 ಅಂದರೆ 0.5. ಅದರ ಅರ್ಧ 0.25. ಆದರೆ ಕಾಸ್ 30 ಇರುವುದು 0.866! ಕೋನ ಅರ್ಧವಾದರೆ ಬೆಲೆ ಅರ್ಧ ಆಗುವುದಿಲ್ಲ, ಇಲ್ಲಿ ಜಾಸ್ತಿಯೇ ಆಗಿದೆ. ಈ ತಪ್ಪು ಒಂದು ವಾರದಲ್ಲಿ ಬಿಟ್ಟು ಹೋಯಿತು. ಇನ್ನೊಂದು ತಪ್ಪು ವರ್ಷಪೂರ್ತಿ ಜೊತೆಗೇ ಬಂತು, ಪರೀಕ್ಷೆವರೆಗೂ.

ವಾರ್ಷಿಕ ಪರೀಕ್ಷೆಯಲ್ಲಿ ಥಿಯರಿಗೆ 80ಕ್ಕೆ 17. ಮೊದಲು ನಂಬಲಿಲ್ಲ. ಅಪ್ಪ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಕಷ್ಟ ಆಯಿತು. ಅವ್ವ ಮಾತ್ರ ಎರಡು ದಿನ ಬಿಟ್ಟು, ರೊಟ್ಟಿ ತಟ್ಟುತ್ತಾ, 'ಒಂದ್ಸಲ ಹೋಗಿ ಪೇಪರ್ ನೋಡ್ಕೊಂಡು ಬಾ, ಎಲ್ಲಿ ಹೋಗೈತಿ ಅಂತಾದ್ರೂ ಗೊತ್ತಾಗ್ಲಿ' ಅಂದಳು. ನನಗೆ ಸಿಕ್ಕ ಸಲಹೆಗಳಲ್ಲಿ ಅದೇ ಚೆನ್ನಾಗಿತ್ತು. ಲೆಕ್ಚರರ್ ಹತ್ತಿರ ನಾಚಿಕೆ ಬಿಟ್ಟು ಕೇಳಿದೆ. ಅವರು ಸ್ಟಾಫ್ ರೂಮಿನಲ್ಲೇ ಕೂರಿಸಿ ನನ್ನ ಉತ್ತರ ಪತ್ರಿಕೆ ತೋರಿಸಿದರು.

ಒಂದು ಲೆಕ್ಕ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎ ಅನ್ನುವ ಕೋನ ಮೂರನೇ ಕ್ವಾಡ್ರಂಟಿನಲ್ಲಿದೆ, ಅಂದರೆ ಪೂರ್ತಿ ಸುತ್ತಿನ ಮೂರನೇ ಕಾಲುಭಾಗದಲ್ಲಿ, 180 ಮತ್ತು 270ರ ನಡುವೆ (ಸೈನ್, ಕಾಸ್, ಟ್ಯಾನ್ ಪ್ಲಸ್ಸೋ ಮೈನಸ್ಸೋ ಅನ್ನುವುದು ಕ್ವಾಡ್ರಂಟ್ ಮೇಲೆ ನಿಂತಿದೆ). ಕಾಸ್ ಎ = −7/25. ಎ/2ರ ಸೈನ್, ಕಾಸ್, ಟ್ಯಾನ್ ಹುಡುಕಿ. ನಾನು ಫಾರ್ಮುಲಾ ಸರಿಯಾಗೇ ಹಾಕಿದ್ದೆ:

ಸೈನ್ (ಎ/2) = ±√((1 − ಕಾಸ್ ಎ)/2)
ಕಾಸ್ (ಎ/2) = ±√((1 + ಕಾಸ್ ಎ)/2)

ಲೆಕ್ಕವೂ ಸರಿ. 1 − (−7/25) ಅಂದರೆ 32/25, ಅದರ ಅರ್ಧ 16/25, ವರ್ಗಮೂಲ 4/5. ಇನ್ನೊಂದು ಕಡೆ 18/25, ಅರ್ಧ 9/25, ವರ್ಗಮೂಲ 3/5. ಇಲ್ಲಿಯವರೆಗೆ ರೈಟ್ ಮಾರ್ಕ್ ಇದೆ. ಆಮೇಲೆ ನಾನು ಬರೆದದ್ದು: 'ಎ ಮೂರನೇ ಕ್ವಾಡ್ರಂಟ್, ಆದ್ದರಿಂದ ಸೈನ್ ಮೈನಸ್, ಕಾಸ್ ಮೈನಸ್, ಟ್ಯಾನ್ ಪ್ಲಸ್.' ಕೆಂಪು ಗೆರೆ. ಮೂರರಲ್ಲಿ ಕಾಸ್ ಒಂದು ಸರಿ ಬಂದಿತ್ತು, ಅದೂ ಅದೃಷ್ಟಕ್ಕೆ.

ಲೆಕ್ಚರರ್ ಬೈಯಲಿಲ್ಲ. 'ಚಿಹ್ನೆ ನೋಡ್ಕೋಬೇಕಮ್ಮ' ಅಂದರು. ನೋಡಿಕೊಂಡೇ ಹಾಕಿದ್ದೆನಲ್ಲ, ಮತ್ತೇನು ನೋಡಬೇಕು ಅಂತ ಆಗ ಅರ್ಥವಾಗಲಿಲ್ಲ. ತಲೆ ಆಡಿಸಿ ಬಂದೆ. ದಯವಿಟ್ಟು ಹಾಗೆ ತಲೆ ಆಡಿಸಬೇಡಿ. ಅಲ್ಲೇ ಇನ್ನೊಂದು ಸಲ ಕೇಳಿದ್ದರೆ ನನಗೆ ಎರಡು ವಾರ ಉಳಿಯುತ್ತಿತ್ತು.

ಅರ್ಜಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಾಲೇಜಿನಲ್ಲೇ ಫಾರಂ ತುಂಬಬೇಕಿತ್ತು. ಅಂಕಪಟ್ಟಿ ಜೆರಾಕ್ಸ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೆರಾಕ್ಸ್, ಎರಡು ಫೋಟೊ ಕೇಳಿದರು. ಫೀಸು, ಕೊನೆಯ ದಿನಾಂಕ ವರ್ಷ ವರ್ಷಕ್ಕೆ ಬದಲಾಗುತ್ತವೆ, ನೋಟಿಸ್ ಬೋರ್ಡ್ ನೋಡಿ, ಗೆಳತಿಯರ ಮಾತು ನಂಬಬೇಡಿ. ನನಗೆ ಗೆಳತಿ ಹೇಳಿದ ದಿನಾಂಕ ನಂಬಿದ್ದರೆ ಅರ್ಜಿಯೇ ತಪ್ಪುತ್ತಿತ್ತು. ಮೊದಲ ಸಲ ಹೋದಾಗ ಗುಮಾಸ್ತರು ಊಟಕ್ಕೆ ಹೋಗಿದ್ದರು. ಎರಡನೇ ಸಲ ಫೋಟೊ ಹಳೆಯದು ಅಂದರು. ಮೂರನೇ ಸಲಕ್ಕೆ ಆಯಿತು. ಸರ್ಕಾರಿ ಬಸ್ಸಿಗೆ ಆಧಾರ್ ತೋರಿಸಿದರೆ ಹೆಣ್ಣುಮಕ್ಕಳಿಗೆ ಟಿಕೆಟ್ ಸೊನ್ನೆ, ಆದರೆ ನನಗೆ ಬೇಕಾದ ಹೊತ್ತಿಗೆ ಬರುತ್ತಿದ್ದದ್ದು ಖಾಸಗಿ ಬಸ್ಸೇ. ಆ ದುಡ್ಡು ಸೇರಿಸಿಕೊಳ್ಳಿ.

ಟ್ಯೂಷನ್ ಹುಡುಕಿದ್ದು ದೊಡ್ಡ ಕಥೆ. ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ಯಾವ ಟ್ಯೂಷನ್ ಬಾಗಿಲಿಗೆ ಹೋದರೂ ಸಿಇಟಿ, ನೀಟ್ ಕ್ರ್ಯಾಶ್ ಕೋರ್ಸ್. ಫಸ್ಟ್ ಪಿಯು ಸಪ್ಲಿಮೆಂಟರಿ ಅಂದರೆ ಮುಖವನ್ನೂ ನೋಡುವುದಿಲ್ಲ. ಕೊನೆಗೆ ಒಂದು ಕಡೆ ಮೂರು ಸಾವಿರ ಅಡ್ವಾನ್ಸ್ ತಗೊಂಡರು. ನಾಲ್ಕು ದಿನ ಹೋದೆ. ಸಿಇಟಿ ಬ್ಯಾಚಿನ ಹಿಂದಿನ ಬೆಂಚಿನಲ್ಲಿ ಕೂರಿಸಿ, 'ಕೇಳ್ತಾ ಇರು, ಅರ್ಥ ಆಗುತ್ತೆ' ಅಂದರು. ಆಗಲಿಲ್ಲ. ಬಿಟ್ಟೆ. ದುಡ್ಡು ವಾಪಸ್ ಬರಲಿಲ್ಲ. ಇಡೀ ಸಪ್ಲಿಮೆಂಟರಿಯಲ್ಲಿ ನನಗೆ ಜಾಸ್ತಿ ಹೊಟ್ಟೆ ಉರಿದ ಖರ್ಚು ಇದೇ. ಅಡ್ವಾನ್ಸ್ ಕೊಡುವ ಮುಂಚೆ ಒಂದು ದಿನ ಕ್ಲಾಸಿನಲ್ಲಿ ಕೂತು ನೋಡಿ.

ಅದೇ ಬೇಜಾರಿನಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಒಂದು ಫಾರ್ಮುಲಾ ಶೀಟ್ ತಗೊಂಡೆ. ಲ್ಯಾಮಿನೇಟ್ ಮಾಡಿದ್ದು, ಬಣ್ಣ ಬಣ್ಣದ್ದು. ಸ್ವಂತ ನೋಟ್ಸಿಗಿಂತ ಅದರ ಮೇಲೇ ನಂಬಿಕೆ ಬಂತು. ಮೂರು ದಿನ ಅದನ್ನು ಗೋಡೆಗೆ ಅಂಟಿಸಿಕೊಂಡು ಲೆಕ್ಕ ಮಾಡಿದೆ. ಒಂದಕ್ಕೂ ಉತ್ತರ ತಾಳೆ ಆಗುತ್ತಿಲ್ಲ. ನನ್ನ ತಲೆಯೇ ಸರಿಯಿಲ್ಲ ಅಂದುಕೊಂಡು ಒಂದು ರಾತ್ರಿ ಅತ್ತೂ ಆಯಿತು. ನಾಲ್ಕನೇ ದಿನ ಸುಮ್ನೆ ಗೊತ್ತಿರುವ ಕೋನ ಹಾಕಿ ನೋಡೋಣ ಅನ್ನಿಸಿತು. ಎ = 60 ಹಾಕಿದೆ. ಸೈನ್ 30 = 0.5, ಸರಿ. ಕಾಸ್ 30 ಕೂಡ 0.5 ಅಂತ ಬಂತು! ಹೋಗಿ ಶೀಟ್ ನೋಡಿದರೆ ಎರಡು ಫಾರ್ಮುಲಾದಲ್ಲೂ ಮೈನಸ್ಸೇ ಅಚ್ಚಾಗಿದೆ. ಕಾಸ್‌ದು ಪ್ಲಸ್ ಇರಬೇಕಿತ್ತು.

ಅವತ್ತಿನಿಂದ ಎರಡು ಅಭ್ಯಾಸ ಮಾಡಿಕೊಂಡೆ. ಸೈನ್‌ಗೆ ಮೈನಸ್ಸೋ ಕಾಸ್‌ಗೆ ಮೈನಸ್ಸೋ ಅಂತ ಮರೆತರೆ ಎ = 0 ಹಾಕುವುದು. ಕಾಸ್ 0 ಅಂದರೆ 1. ಸೈನ್ 0 ಸೊನ್ನೆ ಬರಬೇಕು, ಅಂದರೆ ಒಂದರಲ್ಲಿ ಒಂದು ಕಳೆಯಲೇಬೇಕು. ಹಾಗಾಗಿ ಮೈನಸ್ ಸೈನ್‌ದು. ಇನ್ನೊಂದು, ಉತ್ತರ ಬಂದ ಮೇಲೆ ಸೈನ್ ವರ್ಗ, ಕಾಸ್ ವರ್ಗ ಕೂಡಿಸುವುದು. ಮೊತ್ತ 1 ಬರದಿದ್ದರೆ ಎಲ್ಲೋ ಎಡವಟ್ಟಾಗಿದೆ. 16/25, 9/25 ಕೂಡಿದರೆ ಒಂದು. ಅರ್ಧ ನಿಮಿಷದ ಕೆಲಸ. ಆದರೆ ಇದರಿಂದ ಪ್ಲಸ್ಸು ಮೈನಸ್ಸಿನ ತಪ್ಪು ಸಿಗುವುದಿಲ್ಲ, ವರ್ಗ ಮಾಡಿದಾಗ ಮೈನಸ್ ಮಾಯವಾಗುತ್ತದಲ್ಲ. ನನ್ನ ನಿಜವಾದ ರೋಗ ಹಾಗೇ ಉಳಿದಿತ್ತು.

ಅದಕ್ಕೆ ಔಷಧಿ ಸಿಕ್ಕಿದ್ದು ಲೇತ್ (ಕಬ್ಬಿಣವನ್ನು ತಿರುಗಿಸುತ್ತಾ ಕೊರೆಯುವ ಯಂತ್ರ) ಅಂಗಡಿಯಲ್ಲಿ. ನನ್ನ ಸೋದರಮಾವ ಪಿ.ಬಿ. ರಸ್ತೆಯ ಪಕ್ಕ ಒಂದು ಸಣ್ಣ ವರ್ಕ್‌ಶಾಪ್ ಇಟ್ಟಿದ್ದಾರೆ. ಟ್ಯೂಷನ್ ಬಿಟ್ಟ ಮೇಲೆ ಬಿಸಿಲು ತಗ್ಗುವವರೆಗೆ ಅಲ್ಲೇ ಕೂತು ಓದುತ್ತಿದ್ದೆ. ಫ್ಯಾನ್ ಇದೆ, ಮಧ್ಯಾಹ್ನ ಮಂಡಕ್ಕಿ ಮಿರ್ಚಿ ಬರುತ್ತದೆ, ಇನ್ನೇನು ಬೇಕು? ಒಂದು ದಿನ ಮಾವ ಒಂದು ಟೇಪರ್ ಜಾಬ್ ಹಿಡಿದಿದ್ದರು. ಕಬ್ಬಿಣದ ಕಂಬಿಯ ತುದಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಆಗಬೇಕು, ಐಸ್‌ಕ್ರೀಮ್ ಕೋನ್ ಹಾಗೆ. ಡ್ರಾಯಿಂಗಿನಲ್ಲಿ ಕೋನ 30 ಡಿಗ್ರಿ ಅಂತ ಇತ್ತು. ಮಾವ ಟೂಲ್ ಕೂರುವ ಕಾಂಪೌಂಡ್ ಸ್ಲೈಡಿನ ನಟ್ ಸಡಿಲ ಮಾಡಿ, ಅದರ ಬುಡದ ಡಿಗ್ರಿ ಗೆರೆ ನೋಡಿ, 15ಕ್ಕೆ ತಿರುಗಿಸಿ ಬಿಗಿ ಮಾಡಿದರು.

'ಮಾವ, 30 ಐತಲ್ಲ?'

'ಜಾಬ್ ತಿರುಗ್ತೈತಲ್ಲವ್ವಾ. ಈ ಕಡೆ 15 ಕೊರೆದ್ರೆ ಆ ಕಡೆ 15 ತಾನೇ ಬರ್ತೈತಿ. 30 ಇಟ್ಟೆ ಅಂದ್ರೆ 60 ಆಗಿ ಜಾಬ್ ಗುಜರಿಗೆ ಹೋಗ್ತೈತಿ. ಕಾಗದದಾಗ ಇರೋದು ಪೂರ್ತಿ ಕೋನ. ಟೂಲ್ ನಿಂತಿರೋದು ಅರ್ಧ ಕೋನದಾಗ. ನಾನು ಟೂಲ್ ಎಲ್ಲಿ ನಿಂತೈತಿ ಅಂತ ನೋಡ್ತೀನಿ.'

ಅವರು ಹ್ಯಾಂಡಲ್ ತಿರುಗಿಸಿದರು. ಹಾಲಿನಂಥ ಕೂಲೆಂಟ್ ಸುರಿಯುತ್ತಾ, ನೀಲಿ ತಿರುಗಿದ ಕಬ್ಬಿಣದ ಸುರುಳಿ ಎದ್ದು ಕೆಳಗಿನ ಟ್ರೇಗೆ ಬೀಳುತ್ತಿತ್ತು. ಗೋಡೆಯ ಮೇಲೆ ಅವರ ಲೆಕ್ಕವೂ ಇತ್ತು, ಸೀಮೆಸುಣ್ಣದಲ್ಲಿ: ದಪ್ಪ ಕಡೆಯ ವ್ಯಾಸದಲ್ಲಿ ಸಣ್ಣ ಕಡೆಯದ್ದು ಕಳೆದು, ಉದ್ದದ ಎರಡರಷ್ಟರಿಂದ ಭಾಗಿಸು. ಅದು ಅರ್ಧ ಕೋನದ ಟ್ಯಾನ್. ಈ ಜಾಬಿಗೆ 50 ಮಿಲಿಮೀಟರ್, 34 ಮಿಲಿಮೀಟರ್, ಉದ್ದ 30. ಅಂದರೆ 16 ಭಾಗ 60, ಸುಮಾರು 0.267. ಮಾವನ ಎಣ್ಣೆ ಹತ್ತಿದ ಡೈರಿಯಲ್ಲಿ ಟ್ಯಾನ್ 15ರ ಮುಂದೆ 0.268 ಅಂತ ಇತ್ತು.

ನಾನು ಪುಸ್ತಕ ತೆಗೆದೆ. ಟ್ಯಾನ್‌ಗೆ ಒಂದು ಸಲೀಸಾದ ಫಾರ್ಮುಲಾ ಇದೆ, ವರ್ಗಮೂಲವೇ ಇಲ್ಲ:

ಟ್ಯಾನ್ (ಎ/2) = (1 − ಕಾಸ್ ಎ)/ಸೈನ್ ಎ

ಎ = 30 ಹಾಕಿದರೆ ಮೇಲೆ 1 − √3/2, ಕೆಳಗೆ 1/2. ಉತ್ತರ 2 − √3. ಅಂದರೆ 2 − 1.732 = 0.268. ಮಾವನ ಡೈರಿಯ ಸಂಖ್ಯೆಯೇ! ನಾನು ಕೂಗಿದ್ದು ಕೇಳಿ ಪಕ್ಕದ ವೆಲ್ಡಿಂಗ್ ಅಂಗಡಿಯವರು ಏನಾಯಿತು ಅಂತ ಇಣುಕಿದರು.

ಆದರೆ ಆ ದಿನ ನನಗೆ ತಗುಲಿದ್ದು ಆ ಸಂಖ್ಯೆಯಲ್ಲ, 'ಟೂಲ್ ಎಲ್ಲಿ ನಿಂತೈತಿ ಅಂತ ನೋಡ್ತೀನಿ' ಅನ್ನುವ ಮಾತು. ಫಾರ್ಮುಲಾದ ಎಡಗಡೆ ಇರುವುದು ಎ/2. ಚಿಹ್ನೆ ಅದರದು. ಎ ಎಲ್ಲಾದರೂ ಇರಲಿ, ಎ/2 ಎಲ್ಲಿ ನಿಂತಿದೆ ನೋಡಬೇಕು. ನನ್ನ ಹಳೆ ಲೆಕ್ಕಕ್ಕೆ ವಾಪಸ್ ಹೋದೆ. ಎ 180 ಮತ್ತು 270ರ ನಡುವೆ. ಎರಡನ್ನೂ ಅರ್ಧ ಮಾಡಿದರೆ 90 ಮತ್ತು 135. ಎ/2 ಇರುವುದು ಎರಡನೇ ಕ್ವಾಡ್ರಂಟ್! ಅಲ್ಲಿ ಸೈನ್ ಪ್ಲಸ್, ಕಾಸ್ ಮೈನಸ್, ಟ್ಯಾನ್ ಮೈನಸ್. ಉತ್ತರ 4/5, −3/5, −4/3. ಲೆಕ್ಚರರ್ 'ಚಿಹ್ನೆ ನೋಡ್ಕೋ' ಅಂದದ್ದು ಇದನ್ನೇ. ಅವರು ಹೇಳಿದ್ದು ಸರಿ, ನನಗೆ ಮುಟ್ಟಿರಲಿಲ್ಲ ಅಷ್ಟೇ.

ಆಮೇಲಿಂದ ಲೆಕ್ಕ ಶುರು ಮಾಡುವ ಮೊದಲೇ, ಹಾಳೆಯ ಮೇಲ್ಗಡೆ, ಕೋನದ ಎರಡು ಗಡಿಯನ್ನು ಬರೆದು ಅರ್ಧ ಮಾಡಿ, ಕ್ವಾಡ್ರಂಟ್ ಹೆಸರು ಬರೆದು ಸುತ್ತು ಹಾಕುತ್ತಿದ್ದೆ. ಫಾರ್ಮುಲಾ ಆಮೇಲೆ. ನೀವೂ ಹೀಗೇ ಮಾಡಿ. ಕೊನೆಯಲ್ಲಿ ನೋಡುತ್ತೇನೆ ಅಂದರೆ ಅವಸರದಲ್ಲಿ ಕೈ ಎ ಕಡೆಗೇ ಹೋಗುತ್ತದೆ.

ಮಾವನ ಅಂಗಡಿಗೆ ಗೇಟಿನ ಹಿಂಜ್ ಮಾಡಿಸಲು ಬರುತ್ತಿದ್ದ ಒಬ್ಬರು ರಿಟೈರ್ಡ್ ಮೇಷ್ಟ್ರು ನನ್ನ ಪುಸ್ತಕ ನೋಡಿ, ಬೆಳಗ್ಗೆ ಕುಂದುವಾಡ ಕೆರೆ ಹತ್ತಿರ ಬಾ, ವಾಕಿಂಗ್ ಆದ ಮೇಲೆ ಅರ್ಧ ಗಂಟೆ ಹೇಳಿಕೊಡುತ್ತೇನೆ ಅಂದರು. ಹಿಂಜ್ ಕೆಲಸಕ್ಕೆ ಮಾವ ದುಡ್ಡು ತಗೊಳ್ಳಲಿಲ್ಲ, ಅದೇ ನನ್ನ ಟ್ಯೂಷನ್ ಫೀಸು. ಮಾವನ ಮನೆಯಲ್ಲೇ ಉಳಿದುಕೊಂಡು ಹನ್ನೊಂದು ದಿನ ಹೋದೆ.

ಒಂದು ದಿನ ಮೇಷ್ಟ್ರಿಗೆ ಕೇಳಿದೆ: ಎ ಮೂರನೇ ಕ್ವಾಡ್ರಂಟ್ ಅಂತ ಮಾತ್ರ ಕೊಟ್ಟರೆ ಸಾಲದಾ, 180ರಿಂದ 270 ಅಂತ ಯಾಕೆ ಬಿಡಿಸಿ ಹೇಳುತ್ತಾರೆ? ಅವರು ಕೆರೆ ಏರಿಯ ಕಡೆ ಕೈ ತೋರಿಸಿದರು. 'ಇಲ್ಲಿಂದ ಹೊರಟು ಒಬ್ಬರು ಕಾಲು ಸುತ್ತು ನಡೆದು ಆ ಮರದ ಹತ್ತಿರ ನಿಂತಿದ್ದಾರೆ. ಇನ್ನೊಬ್ಬರು ಒಂದೂಕಾಲು ಸುತ್ತು ಹೊಡೆದು ಅದೇ ಮರದ ಹತ್ತಿರ ನಿಂತಿದ್ದಾರೆ. ನೋಡೋರಿಗೆ ಇಬ್ಬರೂ ಒಂದೇ ಜಾಗ. ಈಗ ಇಬ್ಬರೂ ನಡೆದದ್ದರ ಅರ್ಧ ತಗೋ.' ಕಾಲು ಸುತ್ತಿನ ಅರ್ಧ ಅಂದರೆ ಅರೆಕಾಲು ಸುತ್ತು, ಈ ದಡ. ಒಂದೂಕಾಲು ಸುತ್ತಿನ ಅರ್ಧ ಅದಕ್ಕೆ ಸರಿಯಾಗಿ ಎದುರು ದಡ! ಒಂದೇ ಜಾಗದಲ್ಲಿ ನಿಂತವರ ಅರ್ಧ ದಾರಿ ಬೇರೆ ಬೇರೆ ದಡದಲ್ಲಿ. ಅದಕ್ಕೇ ಫಾರ್ಮುಲಾದಲ್ಲಿ ± ಇದೆ. ಕಾಸ್ ಎ ಮತ್ತು ಕ್ವಾಡ್ರಂಟ್ ಗೊತ್ತಿದ್ದರೆ ಮರ ಗೊತ್ತಾಯಿತು, ಎಷ್ಟು ಸುತ್ತು ಹೊಡೆದು ಬಂದರು ಅಂತ ಗೊತ್ತಾಗಲಿಲ್ಲ. ಆ ಮಾಹಿತಿ ಪ್ರಶ್ನೆಯೇ ಕೊಡಬೇಕು. ವರ್ಷಪೂರ್ತಿ ಆ ± ನೋಡಿ ಹೆದರಿದ್ದೆ. ಅದು ಕೆರೆ ಸುತ್ತಿದವರ ಲೆಕ್ಕ ಅಂತ ಯಾರೂ ಹೇಳಿರಲಿಲ್ಲ.

ಇನ್ನೊಂದು ದಿನ ನನ್ನ ಕೈಯಲ್ಲಿ ಅರ್ಜಿಯ ಒಂದು ಹೆಚ್ಚುವರಿ ಜೆರಾಕ್ಸ್ ಇತ್ತು, ಎ4 ಹಾಳೆ. ಮೇಷ್ಟ್ರು ಅದನ್ನು ಇಸ್ಕೊಂಡು, ಮೂಲೆ ಮಡಿಸಿ ಚೌಕ ಮಾಡಿದರು. ಚೌಕ ಬಿಟ್ಟು ಉಳಿದ ಪಟ್ಟಿಯ ಅಗಲ ಅಳೆ ಅಂದರು. 8.7 ಸೆಂಟಿಮೀಟರ್. ಹಾಳೆಯ ಅಗಲ 21. ಭಾಗಿಸಿದೆ, 0.414. 'ಇದು ಟ್ಯಾನ್ 22.5' ಅಂದರು. ನಾನು ನಂಬಲಿಲ್ಲ. ಲೆಕ್ಕ ಮಾಡಿದೆ. ಎ = 45 ಹಾಕಿದರೆ (1 − 1/√2) ಭಾಗ (1/√2), ಅಂದರೆ √2 − 1. 1.414ರಲ್ಲಿ ಒಂದು ಕಳೆದರೆ 0.414. ಎ4 ಹಾಳೆಯ ಉದ್ದ ಅಗಲದ √2 ಪಟ್ಟು ಇರುವ ಹಾಗೆ ಮಾಡಿರುತ್ತಾರೆ, ಅದಕ್ಕೇ ಉಳಿದ ಪಟ್ಟಿಯಲ್ಲಿ ಈ ಸಂಖ್ಯೆ ಕೂತಿದೆ. ಪಟ್ಟಿಯ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಇನ್ನೊಂದು ಹಾಳೆಯ ಮೂಲೆಯನ್ನು ಎರಡು ಸಲ ಅರ್ಧ ಮಡಿಸಿ (90, 45, 22.5) ಅದರ ಮೇಲೆ ಇಟ್ಟೆ. ಕರಾರುವಾಕ್ಕಾಗಿ ಕೂತಿತು. ನೀವು ಜೆರಾಕ್ಸ್ ಅಂಗಡಿಯಲ್ಲಿ ಸರದಿಗೆ ನಿಂತಾಗ ಮಾಡಿ ನೋಡಿ, ಹೇಗಿದ್ದರೂ ಅಲ್ಲಿ ಹಾಳಾದ ಹಾಳೆ ಬಿದ್ದಿರುತ್ತದೆ.

ಮೇಷ್ಟ್ರಿಗೆ ಇತಿಹಾಸದ ಹುಚ್ಚು. ಸೈನ್‌ಗೆ ನಮ್ಮವರು ಇಟ್ಟ ಹೆಸರು ಜ್ಯಾ, ಅಂದರೆ ಬಿಲ್ಲಿನ ಹೆದೆ. ಸರಿಯಾಗಿ ಹೇಳಬೇಕೆಂದರೆ ಅರ್ಧಜ್ಯಾ, ಪೂರ್ತಿ ಹೆದೆಯ ಅರ್ಧ. 499ರಲ್ಲಿ ಆರ್ಯಭಟ ಕೊಟ್ಟ ಸೈನ್ ಪಟ್ಟಿಯಲ್ಲಿ 24 ಬೆಲೆಗಳಿವೆ, ಒಂದೊಂದಕ್ಕೂ 3 ಡಿಗ್ರಿ 45 ನಿಮಿಷದ ಅಂತರ. ಆ ವಿಚಿತ್ರ ಸಂಖ್ಯೆ ಯಾಕೆ ಅಂತ ನನಗೂ ಅನ್ನಿಸಿತು. 30ನ್ನು ಅರ್ಧ ಮಾಡುತ್ತಾ ಹೋಗಿ: 15, 7.5, 3.75. ಅದೇ 3 ಡಿಗ್ರಿ 45 ನಿಮಿಷ. ಮುಂದೆ ವರಾಹಮಿಹಿರ 'ಪಂಚಸಿದ್ಧಾಂತಿಕಾ'ದಲ್ಲಿ ಹಾಫ್ ಆಂಗಲ್ ನಿಯಮವನ್ನೇ ಶ್ಲೋಕದಲ್ಲಿ ಹೇಳಿದ್ದಾನಂತೆ. ಇದಕ್ಕೆ ಪರೀಕ್ಷೆಯಲ್ಲಿ ಅಂಕ ಇಲ್ಲ, ಆದರೂ ಕೇಳಿದ ಮೇಲೆ ಫಾರ್ಮುಲಾ ಸ್ವಲ್ಪ ನಮ್ಮ ಮನೆಯದ್ದು ಅನ್ನಿಸಿತು.

ಇನ್ನೊಂದು ಗುಂಡಿ ಇದೆ, ಬೀಳಬೇಡಿ. ಸೈನ್ 15 ಹುಡುಕಿದೆ. ಹಾಫ್ ಆಂಗಲ್‌ನಿಂದ √(2 − √3)/2 ಬಂತು. ಪುಸ್ತಕದ ಹಿಂದೆ (√6 − √2)/4 ಇದೆ. ತಪ್ಪಾಯಿತು ಅಂತ ಹೊಡೆದು ಹಾಕಿದೆ, ಮತ್ತೆ ಮಾಡಿದೆ, ಮತ್ತೆ ಅದೇ. ಎರಡೂ ಒಂದೇ ಸಂಖ್ಯೆ! ಎರಡನ್ನೂ ವರ್ಗ ಮಾಡಿದರೆ (2 − √3)/4 ಬರುತ್ತದೆ. ಬೆಲೆ 0.2588. ಪುಸ್ತಕದವರು 45ರಲ್ಲಿ 30 ಕಳೆದು ಮಾಡಿದ್ದಾರೆ, ನಾನು 30ನ್ನು ಅರ್ಧ ಮಾಡಿದ್ದೆ. ದಾರಿ ಬೇರೆ, ಊರು ಒಂದೇ. ಉತ್ತರದ ವೇಷ ಬೇರೆ ಇದೆ ಅಂತ ಸರಿ ಉತ್ತರ ಹೊಡೆದು ಹಾಕಬೇಡಿ, ಮೊದಲು ವರ್ಗ ಮಾಡಿ ನೋಡಿ.

ಪರೀಕ್ಷೆ ಮೇ ತಿಂಗಳ ಬಿಸಿಲಿನಲ್ಲಿ. ಹಾಲ್ ಟಿಕೆಟ್ ಹಿಂದಿನ ದಿನ ಸಂಜೆ ಕೈಗೆ ಬಂತು, ಅಲ್ಲಿಯವರೆಗೆ ಊಟ ಸೇರಿರಲಿಲ್ಲ. ಬೆಳಗ್ಗೆ ಮಾವ ಬೆಣ್ಣೆ ದೋಸೆ ತಿನ್ನಿಸಿಕೊಂಡು ಹೋಗಿ ಬಿಟ್ಟರು. ಅದು ತಪ್ಪು. ಬೆಣ್ಣೆ ದೋಸೆ ತಿಂದು ಮೂರು ಗಂಟೆ ಗಣಿತ ಮಾಡುವುದು ಆಗದ ಕೆಲಸ, ಇಡ್ಲಿ ತಿನ್ನಿ. ಮೊದಲ ಅರ್ಧ ಗಂಟೆ ಕರೆಂಟ್ ಇರಲಿಲ್ಲ. ಬೆವರು ಹಾಳೆಗೆ ಬೀಳದಿರಲಿ ಅಂತ ಕೈ ಕೆಳಗೆ ಕರ್ಚೀಫ್ ಹಾಸಿಕೊಂಡು ಬರೆದೆ.

ಹಾಫ್ ಆಂಗಲ್ ಬಂದೇ ಬಂತು. ಎ, 3ಪೈ/2 ಮತ್ತು 2ಪೈ ನಡುವೆ. ಕಾಸ್ ಎ = 7/25. ಆ 25 ನೋಡಿ ಹಳೆ ಗಾಯ ನೆನಪಾಗಿ ಎದೆ ಡವ ಡವ ಅಂದಿತು. ನಾಲ್ಕನೇ ಕ್ವಾಡ್ರಂಟ್, ಕಾಸ್ ಪ್ಲಸ್ ಅಂತ ಕೈ ಓಡುತ್ತಿತ್ತು. ತಡೆದೆ. ಮೊದಲು ಗಡಿ ಬರೆದೆ: ಅರ್ಧ ಮಾಡಿದರೆ 3ಪೈ/4 ಮತ್ತು ಪೈ. ಡಿಗ್ರಿಯಲ್ಲಿ 135 ಮತ್ತು 180. ಎರಡನೇ ಕ್ವಾಡ್ರಂಟ್. ಸುತ್ತು ಹಾಕಿದೆ. ಆಮೇಲೆ 18/25ರ ಅರ್ಧ 9/25, ಸೈನ್ 3/5. 32/25ರ ಅರ್ಧ 16/25, ಕಾಸ್ −4/5. ಟ್ಯಾನ್ −3/4. ಟ್ಯಾನ್‌ನ್ನು ಇನ್ನೊಂದು ಫಾರ್ಮುಲಾದಿಂದಲೂ ತಾಳೆ ನೋಡಿದೆ. ಸೈನ್ ಎ = −24/25, ಹಾಗಾಗಿ 18/25 ಭಾಗ −24/25, ಅಂದರೆ −3/4. ಈ ಫಾರ್ಮುಲಾದಲ್ಲಿ ± ಇಲ್ಲ, ಸೈನ್ ಎ ಚಿಹ್ನೆ ಸರಿ ಹಾಕಿದರೆ ಟ್ಯಾನ್‌ನ ಚಿಹ್ನೆ ತಾನೇ ಬರುತ್ತದೆ. ಚಿಹ್ನೆಯ ತಪ್ಪು ಹಿಡಿಯುವ ಪೊಲೀಸ್ ಇದೇ, ಮರೆಯಬೇಡಿ.

ರಿಸಲ್ಟಿಗೆ ಕಾದ ದಿನಗಳ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಮನೆಯಲ್ಲಿ ಯಾರೂ ಗಣಿತದ ಮಾತು ಎತ್ತಲಿಲ್ಲ, ಅಷ್ಟೇ. ಥಿಯರಿಗೆ 49 ಬಂತು. ಅಪ್ಪ ಆಗಲೂ ಏನೂ ಅನ್ನಲಿಲ್ಲ, ಆದರೆ ಸಂಜೆ ಬರುವಾಗ ಅರ್ಧ ಕೆಜಿ ಮೈಸೂರು ಪಾಕ್ ತಂದಿದ್ದರು. ಒಟ್ಟು ಖರ್ಚು ಕೇಳಿದರೆ, ಟ್ಯೂಷನ್‌ನವರು ನುಂಗಿದ ಮೂರು ಸಾವಿರ ಬಿಟ್ಟು, ಫೀಸು, ಬಸ್ಸು, ಜೆರಾಕ್ಸ್, ಫೋಟೊ ಎಲ್ಲ ಸೇರಿ ಸಾವಿರದ ಒಳಗೇ ಆಯಿತು.

ನಿನ್ನೆ ದಾವಣಗೆರೆಗೆ ಅಡ್ಮಿಷನ್‌ಗೆ ಹೋದಾಗ ಆ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೂ ಹೋದೆ. ಅದೇ ಶೀಟ್ ಇನ್ನೂ ನೇತಾಡುತ್ತಿತ್ತು. 'ಅಣ್ಣಾ, ಇದ್ರಾಗ ಕಾಸ್ ಫಾರ್ಮುಲಾ ತಪ್ಪೈತಿ' ಅಂತ ತೋರಿಸಿದೆ. 'ಪ್ರಿಂಟ್‌ನವರು ಮಾಡಿದ್ದು, ನಾನೇನ್ ಮಾಡ್ಲವ್ವಾ' ಅಂದರು. ಪರ್ಮನೆಂಟ್ ಮಾರ್ಕರ್ ತೆಗೆದು ಮೇಲಿನ ಶೀಟಿನಲ್ಲಿ ಮೈನಸ್ಸಿಗೆ ಒಂದು ನೆಟ್ಟನೆ ಗೆರೆ ಎಳೆದು ಪ್ಲಸ್ ಮಾಡಿದೆ.

'ಏಯ್, ಗೀಚಿದ್ದನ್ನ ಇನ್ನು ಯಾರು ತಗೋತಾರೆ? ಇಪ್ಪತ್ತು ರೂಪಾಯಿ ಇಡು.'

ಕೊಟ್ಟೆ. ಈಗ ಮನೆಯಲ್ಲಿ ಎರಡು ಶೀಟ್ ಇವೆ, ಒಂದು ಸರಿ, ಒಂದು ತಪ್ಪು.